ಮೊದಲು ತೇಲುವುದು, ಆಮೇಲೆ ಈಜುವುದು

ಈ ಲೇಖನ ಓದಿದರೆ ಯಾರಿಗೂ ಈಜು ಬರುವುದಿಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಈಜನ್ನು ನೀರಿಗಿಳಿದೇ ಕಲಿಯಬೇಕು. ಆದರೆ ನೀರಿಗಿಳಿಯುವ ಮೊದಲು ಎಲ್ಲರೂ ತಿಳಿದಿರಬೇಕಾದ ಕೆಲವು ಸಂಗತಿಗಳಿವೆ. ಪ್ರಥಮ ಪಿಯುಸಿ ಪರೀಕ್ಷೆ ಮುಗಿದ ಮೇಲೆ ಮೇ ತಿಂಗಳಲ್ಲಿ ನಾನು ಹುಬ್ಬಳ್ಳಿಯ ಖಾಲಾ ಮನೆಯಲ್ಲಿದ್ದು, ಇಪ್ಪತ್ತು ದಿನ ಹೊಸಬರ ಈಜು ತರಗತಿಗೆ ಹೋದೆ. ಅಲ್ಲಿ ಕಲಿತದ್ದನ್ನು, ವಿಶೇಷವಾಗಿ ಹಳ್ಳಿಯಿಂದ ಬರುವ ಗೆಳತಿಯರಿಗಾಗಿ, ಇಲ್ಲಿ ಬರೆಯುತ್ತಿದ್ದೇನೆ.

ನೀರಿನ ಹತ್ತಿರ ಇರುವವರು ಯಾರು?

ನನ್ನ ಊರು ರೋಣ ತಾಲ್ಲೂಕಿನ ಯಾವಗಲ್. ನಮ್ಮೂರ ಪಕ್ಕದಲ್ಲಿ ಬೆಣ್ಣೆಹಳ್ಳ ಹರಿದು ಮುಂದೆ ಮಲಪ್ರಭೆ ಸೇರುತ್ತದೆ. ಬೇಸಿಗೆಯಲ್ಲಿ ಅದನ್ನು ನೋಡಿದವರು ಇದೂ ಒಂದು ಹಳ್ಳವೇ ಎಂದು ನಗಬಹುದು. ಆದರೆ ಮೇಲೆ ಹುಬ್ಬಳ್ಳಿ, ಕುಂದಗೋಳ, ನವಲಗುಂದದ ಕಡೆ ದೊಡ್ಡ ಮಳೆಯಾದರೆ, ನಮ್ಮಲ್ಲಿ ಬಿಸಿಲಿದ್ದರೂ ಹಳ್ಳ ತುಂಬಿ ಬರುತ್ತದೆ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ, ಬೆಣ್ಣೆಹಳ್ಳ ಎರಡೂ ಉಕ್ಕಿ ರೋಣ, ನರಗುಂದ ತಾಲ್ಲೂಕುಗಳ ಎಷ್ಟೋ ಊರುಗಳಿಗೆ ನೀರು ನುಗ್ಗಿದ್ದು ನಿಮಗೂ ನೆನಪಿರಬಹುದು.

ಹಳ್ಳವಲ್ಲದೆ ಈಗ ಹೊಲಗಳಲ್ಲಿ ಕೃಷಿ ಹೊಂಡಗಳಿವೆ. 2014ರಲ್ಲಿ ಕೃಷಿ ಭಾಗ್ಯ ಯೋಜನೆ ಬಂದ ಮೇಲೆ ಮಳೆಯನ್ನೇ ನಂಬಿದ ನಮ್ಮ ಎರೆಭೂಮಿಯಲ್ಲಿ ಹೊಂಡಗಳು ಬಹಳ ಆದವು. ರೈತರಿಗೆ ಅವುಗಳಿಂದ ಉಪಕಾರವಾಗಿದೆ. ಆದರೆ ಮೂರು ಮೀಟರ್ ಆಳದ, ಒಳಗೆ ಪ್ಲಾಸ್ಟಿಕ್ ಹಾಳೆ ಹಾಸಿದ ಹೊಂಡದಲ್ಲಿ ಕಾಲು ಜಾರಿದರೆ ಹಿಡಿಯಲು ಒಂದು ಹುಲ್ಲುಕಡ್ಡಿಯೂ ಸಿಗುವುದಿಲ್ಲ.

ನಮ್ಮೂರ ಹುಡುಗರಲ್ಲಿ ಅರ್ಧದಷ್ಟು ಜನರಿಗೆ ಈಜು ಬರುತ್ತದೆ. ಅಣ್ಣಂದಿರು ತಮ್ಮಂದಿರ ಸೊಂಟಕ್ಕೆ ಹಗ್ಗ ಕಟ್ಟಿ, ಬೆನ್ನಿಗೆ ಖಾಲಿ ಡಬ್ಬಿ ಕಟ್ಟಿ ಬಾವಿಗೆ ಇಳಿಸಿ ಕಲಿಸುತ್ತಾರೆ. ಹುಡುಗಿಯರಿಗೆ ಯಾರೂ ಕಲಿಸುವುದಿಲ್ಲ. ಆದರೆ ಲೆಕ್ಕ ಹಾಕಿ ನೋಡಿ. ಹಳ್ಳದಲ್ಲಿ, ಕಾಲುವೆಯಲ್ಲಿ ಬಟ್ಟೆ ಒಗೆಯುವವರು ಯಾರು? ಹೊಂಡದಿಂದ ಕೊಡ ತುಂಬುವವರು ಯಾರು? ದನಕ್ಕೆ ನೀರು ತರುವವರು ಯಾರು? ವಾರದಲ್ಲಿ ಒಂದು ದಿನ ಮಜಾ ಮಾಡಲು ನೀರಿಗೆ ಹೋಗುವವರಿಗೆ ಈಜು ಬರುತ್ತದೆ. ದಿನವೂ ಕೆಲಸಕ್ಕೆ ಹೋಗುವವರಿಗೆ ಬರುವುದಿಲ್ಲ.

ನನಗೂ ಬರುತ್ತಿರಲಿಲ್ಲ. ಎರಡು ವರ್ಷದ ಹಿಂದೆ ಹೆಸರು ಬಿಡಿಸುವ ಸಮಯದಲ್ಲಿ ಚಾಚಾ ಅವರ ಹೊಲದ ಹೊಂಡದಲ್ಲಿ ಕೈ ತೊಳೆಯಲು ಬಾಗಿದೆ, ಜಾರಿದೆ. ಕೂಗಬೇಕೆಂದು ಬಾಯಿ ತೆರೆದರೆ ನೀರೇ ಒಳಗೆ ಬಂತು. ದಂಡೆಯ ಮೇಲೆ ಎಂಟು ವರ್ಷದ ತಮ್ಮ, ಚಾಚಾ ಅವರ ಮಗ, ನಿಂತು ನೋಡುತ್ತಿದ್ದ. ಚಾಚಾ ಯಾಕೋ ಈ ಕಡೆ ತಿರುಗಿ ನೋಡಿದರು, ಓಡಿ ಬಂದು ಸ್ಪ್ರಿಂಕ್ಲರ್ ಪೈಪು ಚಾಚಿ ಎಳೆದರು. ಆಮೇಲೆ ತಮ್ಮನನ್ನು ಬೈದರೆ, "ಆಪಾ ಆಟ ಆಡಾಕತ್ತಾಳ ಅನ್ಕೊಂಡೆ" ಎಂದ. ಅವನದು ತಪ್ಪಲ್ಲ. ಯಾಕೆಂದು ಮುಂದೆ ಹೇಳುತ್ತೇನೆ.

ಆ ದಿನದಿಂದ ಮನೆಯಲ್ಲಿ ನಾನಿಯದು ಒಂದೇ ಮಾತು: "ಪಾನಿ ಸೆ ಮಸ್ಕರಿ ನಕ್ಕೊ." ನೀರಿನ ಜೊತೆ ಚೇಷ್ಟೆ ಬೇಡ. ನಾನೂ ಒಪ್ಪಿದೆ. ಆದರೆ ಬಟ್ಟೆ ಒಗೆಯುವ ಕೆಲಸ ಮಾತ್ರ ಬಿಡಲಿಲ್ಲ. ಚೇಷ್ಟೆ ಬಿಟ್ಟರೂ ನೀರು ಬಿಡುವುದಿಲ್ಲ ಎಂದ ಮೇಲೆ ಅದನ್ನು ಕಲಿಯುವುದೇ ಸರಿ ಎಂದು ಅಬ್ಬು ಅವರನ್ನು ಕೇಳಿಕೊಂಡೆ. ಹೆಣ್ಣುಮಕ್ಕಳಿಗೆ ಬೇರೆ ಸಮಯ, ಕಲಿಸುವವರೂ ಮೇಡಂ ಎಂದು ಖಾಲಾ ಫೋನಿನಲ್ಲಿ ಹೇಳಿದ ಮೇಲೆ ಅವರು ಒಪ್ಪಿದರು.

ಮೊದಲ ಪಾಠ: ಉಸಿರು

ನಾನು ಮೊದಲ ದಿನವೇ ಕೈಕಾಲು ಬಡಿಯುವುದು ಕಲಿಸುತ್ತಾರೆ ಎಂದುಕೊಂಡಿದ್ದೆ. ಎರಡು ದಿನ ಪೂರ್ತಿ ಉಸಿರಿನ ಪಾಠವೇ ಆಯಿತು. ಮೂರೂವರೆ ಅಡಿ ನೀರಿನಲ್ಲಿ ಕಂಬಿ ಹಿಡಿದು ನಿಲ್ಲಬೇಕು. ಬಾಯಿಯಿಂದ ಉಸಿರು ಎಳೆದುಕೊಂಡು, ಮುಖವನ್ನು ನೀರಿನಲ್ಲಿ ಇಟ್ಟು, ಮೂಗಿನಿಂದ ಗುಳ್ಳೆ ಬಿಡಬೇಕು. ಮೂಗಿಗೆ ನೀರು ನುಗ್ಗುತ್ತದೆ ಎಂದು ನಾವೆಲ್ಲ ಹೆದರಿದಾಗ ಮೇಡಂ ಒಂದು ಸುಲಭ ಉಪಾಯ ಹೇಳಿದರು. ನೀರೊಳಗೆ "ಹೂಂ" ಎಂದು ಗುನುಗುತ್ತಿರಬೇಕು. ಗುನುಗುವಾಗ ಮೂಗಿನಿಂದ ಗಾಳಿ ಹೊರಗೆ ಬರುತ್ತಲೇ ಇರುತ್ತದೆ. ಗಾಳಿ ಹೊರಗೆ ಬರುವ ದಾರಿಯಲ್ಲಿ ನೀರು ಒಳಗೆ ಬರುವುದಿಲ್ಲ.

ಉಸಿರನ್ನು ಬಿಗಿಹಿಡಿಯುವುದೇ ಹೊಸಬರ ದೊಡ್ಡ ತಪ್ಪು. ಉಸಿರು ಕಟ್ಟಿದಾಗ ಆಗುವ ಆ ಒದ್ದಾಟ ಮುಖ್ಯವಾಗಿ ಆಮ್ಲಜನಕ ಮುಗಿದದ್ದರಿಂದ ಬರುವುದಲ್ಲ, ದೇಹದಲ್ಲಿ ಇಂಗಾಲದ ಡೈಆಕ್ಸೈಡ್ ಕೂಡಿಕೊಂಡದ್ದರಿಂದ ಬರುತ್ತದೆ. ನೀರೊಳಗೆ ನಿಧಾನವಾಗಿ ಹೊರಗೆ ಬಿಟ್ಟರೆ ಮನಸ್ಸು ಶಾಂತವಾಗಿರುತ್ತದೆ, ತಲೆ ಎತ್ತಿದಾಗ ಒಳಗೆ ಎಳೆದುಕೊಳ್ಳಲೂ ಜಾಗವಿರುತ್ತದೆ.

ಎರಡನೇ ಪಾಠ: ಒಂದು ಕಿಲೋದ ಉಳಿಕೆ

ಮೂರನೇ ದಿನ ಮೇಡಂ ವಿಚಿತ್ರವಾದ ಆಜ್ಞೆ ಮಾಡಿದರು: "ಎದೆ ತುಂಬ ಉಸಿರು ಎಳ್ಕೊಂಡು, ಮಂಡಿ ತಬ್ಕೊಂಡು, ತಳದಾಗ ಹೋಗಿ ಕೂಡ್ರಿ ನೋಡೋಣ." ನಾವು ಎಂಟು ಜನ ಪ್ರಯತ್ನಿಸಿದೆವು. ಒಬ್ಬರಿಗೂ ಕೂರಲು ಆಗಲಿಲ್ಲ. ಬೆನ್ನು ತಾನಾಗಿ ಆಮೆಯ ಚಿಪ್ಪಿನಂತೆ ಮೇಲೆ ಬರುತ್ತಿತ್ತು. ಹೊಂಡದಲ್ಲಿ ಕಲ್ಲಿನಂತೆ ಮುಳುಗಿದ್ದ ನನ್ನನ್ನು ಇಲ್ಲಿ ನೀರೇ ಮುಳುಗಲು ಬಿಡುತ್ತಿರಲಿಲ್ಲ. ನಂತರ, "ಈಗ ಉಸಿರು ಪೂರ್ತಿ ಬಿಟ್ಟು ಕೂಡ್ರಿ" ಎಂದರು. ಮೆಲ್ಲಗೆ ತಳಕ್ಕೆ ಹೋದೆವು.

ಆ ರಾತ್ರಿ ಖಾಲಾ ಮನೆಯಲ್ಲಿ ಕುಳಿತು ಇದರ ಲೆಕ್ಕ ಬರೆದೆ. ನಾವು ವಾಣಿಜ್ಯ ವಿಭಾಗದವರು, ಜಮಾ ಖರ್ಚು ಬರೆಯದೆ ಏನೂ ತಿಳಿಯುವುದಿಲ್ಲ. ಪ್ರೌಢಶಾಲೆಯಲ್ಲಿ ಓದಿದ ಆರ್ಕಿಮಿಡೀಸ್‌ನ ತತ್ವ ನೆನಪಿಸಿಕೊಳ್ಳಿ. ವಸ್ತು ಎಷ್ಟು ನೀರನ್ನು ಪಕ್ಕಕ್ಕೆ ಸರಿಸುತ್ತದೋ ಅಷ್ಟು ನೀರಿನ ತೂಕದಷ್ಟೇ ಬಲ ಅದನ್ನು ಮೇಲಕ್ಕೆ ಎತ್ತುತ್ತದೆ. ಒಂದು ಲೀಟರ್ ನೀರಿನ ತೂಕ ಒಂದು ಕಿಲೋ.

ನನ್ನ ತೂಕ 48 ಕಿಲೋ. ಇದು ಖರ್ಚು. ಎದೆ ತುಂಬ ಉಸಿರಿದ್ದಾಗ ಮನುಷ್ಯನ ದೇಹ ನೀರಿಗಿಂತ ಸ್ವಲ್ಪವೇ ಹಗುರ. ಆ ಪ್ರಕಾರ ಪೂರ್ತಿ ಮುಳುಗಿದರೆ ನಾನು ಸರಿಸುವ ನೀರು ಸುಮಾರು 49 ಲೀಟರ್. ಇದು ಜಮಾ. ಉಳಿಕೆ ಒಂದು ಕಿಲೋ. ಎರಡು ಲೀಟರ್ ಗಾಳಿ ಹೊರಗೆ ಬಿಟ್ಟರೆ ಜಮಾ 47ಕ್ಕೆ ಇಳಿದು, ಒಂದು ಕಿಲೋ ನಷ್ಟ. ನನ್ನ ತೇಲುವುದು ಮುಳುಗುವುದು ಎಲ್ಲ ಈ ಎರಡು ಲೀಟರ್ ಗಾಳಿಯಲ್ಲಿದೆ! ದೇಹದ ಕೊಬ್ಬು, ಮೂಳೆಗಳಿಗೆ ತಕ್ಕಂತೆ ಈ ಉಳಿಕೆ ಒಬ್ಬೊಬ್ಬರಿಗೆ ಸ್ವಲ್ಪ ಹೆಚ್ಚು ಕಡಿಮೆ ಇರುತ್ತದೆ.

ಈಗ ಈ ಒಂದು ಕಿಲೋವನ್ನು ಎಲ್ಲಿ ಖರ್ಚು ಮಾಡಬೇಕು? ಮನುಷ್ಯನ ತಲೆಯ ತೂಕ ನಾಲ್ಕೈದು ಕಿಲೋ. ತಲೆಯನ್ನು ಪೂರ್ತಿ ನೀರಿನಿಂದ ಮೇಲೆ ಎತ್ತಲು ಹೋದರೆ ಉಳಿಕೆ ಸಾಲದು, ಮುಳುಗುತ್ತೇವೆ. ಎರಡು ಕೈಗಳ ತೂಕವೂ ಹೆಚ್ಚುಕಡಿಮೆ ಅಷ್ಟೇ. "ಕಾಪಾಡಿ" ಎಂದು ಎರಡೂ ಕೈ ಮೇಲೆತ್ತಿದವರು ತಮ್ಮನ್ನು ತಾವೇ ಕೆಳಗೆ ಒತ್ತಿಕೊಂಡಂತೆ. ಹೊಂಡದಲ್ಲಿ ನಾನು ಮಾಡಿದ್ದು ಇದನ್ನೇ. ತಲೆ ಎತ್ತಿದೆ, ಕೈ ಎತ್ತಿದೆ, ಹೆದರಿ ಉಸಿರು ಬಿಟ್ಟೆ. ಮೂರೂ ಖರ್ಚು ಒಟ್ಟಿಗೇ. ಆದರೆ ಮೂಗು ಮತ್ತು ಬಾಯಿ ಮಾತ್ರ ಹೊರಗಿದ್ದರೆ? ಅದಕ್ಕೆ ಈ ಒಂದು ಕಿಲೋ ಸಾಕು.

ಹಾಗಾಗಿ ತೇಲುವುದೆಂದರೆ ಅಂಗಾತ ಮಲಗುವುದು. ಗದ್ದ ಮೇಲೆ, ಕಿವಿ ನೀರೊಳಗೆ, ಕಣ್ಣು ಆಕಾಶದ ಕಡೆ, ಹೊಟ್ಟೆ ಮೇಲೆ, ಕೈಗಳು ಅಗಲವಾಗಿ ನೀರೊಳಗೇ. ಉಸಿರನ್ನು ಎದೆಯಲ್ಲಿ ತುಂಬಿಟ್ಟುಕೊಂಡು, ಬೇಗ ಬಿಟ್ಟು ಬೇಗ ಎಳೆದುಕೊಳ್ಳಬೇಕು. ಕಾಲು ಕೆಳಗೆ ಇಳಿಯುತ್ತವೆ, ಏಕೆಂದರೆ ಗಾಳಿ ಇರುವುದು ಎದೆಯಲ್ಲಿ. ಇಳಿಯಲಿ, ಅಂಗೈಗಳನ್ನು ಮೆಲ್ಲಗೆ ಆಡಿಸಿದರೆ ಸಾಕು. ಕಿವಿ ನೀರೊಳಗೆ ಹೋದ ಕೂಡಲೇ ಲೋಕದ ಸದ್ದೆಲ್ಲ ನಿಂತುಹೋಗುತ್ತದೆ. ನನಗೆ ಮೊದಲು ಭಯವಾದದ್ದು ಅದಕ್ಕೇ. ಮೇಡಂ ಎರಡು ಬೆರಳು ಮಾತ್ರ ನನ್ನ ಕತ್ತಿನ ಕೆಳಗೆ ಇಟ್ಟಿದ್ದರು. ಐದನೇ ದಿನ ಆ ಬೆರಳುಗಳನ್ನು ಯಾವಾಗ ತೆಗೆದರೋ ನನಗೆ ತಿಳಿಯಲೇ ಇಲ್ಲ.

ತೇಲುವುದರಿಂದ ಎದ್ದು ನಿಲ್ಲುವುದನ್ನೂ ಕಲಿಯಬೇಕು: ಮಂಡಿಗಳನ್ನು ಹೊಟ್ಟೆಯ ಕಡೆ ಎಳೆದುಕೊಂಡು, ತಲೆ ಮುಂದೆ ತಂದು, ಕೈಗಳಿಂದ ನೀರನ್ನು ಕೆಳಗೆ ಒತ್ತಿ, ಕಾಲು ಊರುವುದು. ಸೊಂಟದಷ್ಟೇ ನೀರಿದ್ದರೂ ಎದ್ದು ನಿಲ್ಲಲು ತಿಳಿಯದೆ ಒದ್ದಾಡಿದ ಒಬ್ಬಳನ್ನು ನಮ್ಮ ತರಗತಿಯಲ್ಲೇ ನೋಡಿದೆ.

ಮೂರನೇ ಪಾಠ: ಕಾಲು, ಕೈ, ದಂಡೆ

ನಂತರದ ದಿನಗಳಲ್ಲಿ ಹಲಗೆ ಹಿಡಿದು ಕಾಲು ಬಡಿಯುವುದು. ಕಾಲು ಸೊಂಟದಿಂದ ಆಡಬೇಕು, ಮಂಡಿಯಿಂದಲ್ಲ. ಪಾದ ಸಡಿಲವಾಗಿರಬೇಕು. ನಾನು ಸೈಕಲ್ ತುಳಿದಂತೆ ತುಳಿದು, ಒಂದು ದಿನ ಹಲಗೆ ಸಮೇತ ಹಿಂದಕ್ಕೆ ಹೋದೆ. ಎಲ್ಲರೂ ನಕ್ಕರು, ನಾನೂ ನಕ್ಕೆ. ಕೈ ಹಾಕುವಾಗ ತಲೆಯನ್ನು ಎತ್ತದೆ ಪಕ್ಕಕ್ಕೆ ಹೊರಳಿಸಿ, ಒಂದು ಕಣ್ಣು ನೀರೊಳಗೇ ಇರುವಂತೆ ಉಸಿರು ತೆಗೆದುಕೊಳ್ಳಬೇಕು. ಕಾರಣ ಅದೇ ಹಳೆಯ ಲೆಕ್ಕ. ತಲೆ ಎತ್ತಿದರೆ ಕಾಲು ಮುಳುಗುತ್ತವೆ.

ಕೊನೆಯ ವಾರ ಆಳದ ಕಡೆ, ಮೇಡಂ ಹಗ್ಗ ಹಿಡಿದು ನಿಂತಿರುವಾಗ, ನಿಂತಲ್ಲೇ ತೇಲುವ ಅಭ್ಯಾಸ. ಇಪ್ಪತ್ತನೇ ದಿನ ನನ್ನ ಲೆಕ್ಕ ಹೀಗಿತ್ತು: ಅಂಗಾತ ತೇಲಿದ್ದು ಎರಡು ನಿಮಿಷ, ನಿಂತಲ್ಲಿ ತೇಲಿದ್ದು ನಲವತ್ತು ಸೆಕೆಂಡು, ಈಜಿದ್ದು 12 ಮೀಟರ್. ಕೊಳದ ಉದ್ದ 25 ಮೀಟರ್. ಅರ್ಧವೂ ಆಗಲಿಲ್ಲ. ಹಾಗಾಗಿ ನನಗೆ ಈಜು ಬರುತ್ತದೆ ಎಂದು ನಾನು ಹೇಳಿಕೊಳ್ಳುವುದಿಲ್ಲ. ಆದರೆ ಹೊಂಡದ ಮಧ್ಯದಿಂದ ದಂಡೆಗೆ 12 ಮೀಟರ್‌ಗಿಂತ ಕಡಿಮೆಯೇ ಇರುತ್ತದೆ.

ಇಲ್ಲಿ ಒಂದು ಎಚ್ಚರಿಕೆ. ಕೊಳದ ನೀರು ನಿಂತ ನೀರು, ತಳ ಕಾಣುತ್ತದೆ. ತುಂಬಿ ಬಂದ ಬೆಣ್ಣೆಹಳ್ಳ ಹಾಗಲ್ಲ. ಮಂಡಿಮಟ್ಟದ ಓಡುವ ನೀರೂ ಕಾಲು ಕಿತ್ತುಹಾಕುತ್ತದೆ. ಚೆನ್ನಾಗಿ ಈಜು ಬಲ್ಲವರೂ ಅದರಲ್ಲಿ ಏನೂ ಮಾಡಲಾರರು. ಸೇತುವೆಯ ಮೇಲೆ ನೀರು ಹರಿಯುತ್ತಿದ್ದರೆ ಕಾಲೇಜು ತಪ್ಪಿದರೂ ಪರವಾಗಿಲ್ಲ, ದಾಟಬಾರದು. ಹಾಜರಾತಿ ಮರುದಿನ ಸಿಗುತ್ತದೆ.

ಬೇರೆಯವರು ಮುಳುಗುತ್ತಿದ್ದರೆ

ಸಿನಿಮಾದಲ್ಲಿ ಮುಳುಗುವವರು ಕೂಗಿ, ಕೈ ಬೀಸಿ, ಗದ್ದಲ ಮಾಡುತ್ತಾರೆ. ನಿಜದಲ್ಲಿ ಮುಳುಗುವುದು ಸದ್ದಿಲ್ಲದ ಕೆಲಸ. ಬಾಯಿ ಮೇಲೆ ಬಂದ ಕ್ಷಣದಲ್ಲಿ ಉಸಿರು ತೆಗೆದುಕೊಳ್ಳಲೇ ಸಮಯ ಸಾಲದು, ಇನ್ನು ಕೂಗುವುದೆಲ್ಲಿ? ತಲೆ ಹಿಂದಕ್ಕೆ ಬಾಗಿ, ದೇಹ ನೆಟ್ಟಗೆ ನಿಂತು, ಕೈಗಳು ನೀರನ್ನು ಒತ್ತುತ್ತಿರುತ್ತವೆ. ದೂರದಿಂದ ಆಟದಂತೆ ಕಾಣುತ್ತದೆ. ಒಂದು ನಿಮಿಷದೊಳಗೆ ಎಲ್ಲ ಮುಗಿಯಬಹುದು. ನನ್ನ ತಮ್ಮ ಮೋಸಹೋದದ್ದು ಹೀಗೆ. ನೀರಿನಲ್ಲಿ ಆಡುವ ಮಗು ಸುಮ್ಮನಾದರೆ ಕೂಡಲೇ ನೋಡಬೇಕು.

ಎರಡನೆಯ ಮಾತು: ಧುಮುಕಬಾರದು. ಒಬ್ಬರನ್ನು ಉಳಿಸಲು ಹೋಗಿ ಇನ್ನಿಬ್ಬರು ಹೋದ ಸುದ್ದಿಯನ್ನು ನಾವು ಪತ್ರಿಕೆಗಳಲ್ಲಿ ಓದುತ್ತಲೇ ಇರುತ್ತೇವೆ. ಮುಳುಗುವವರು ಸಿಕ್ಕಿದ್ದನ್ನು ಬಲವಾಗಿ ಹಿಡಿಯುತ್ತಾರೆ, ಸಿಕ್ಕವರನ್ನು ಕೆಳಗೆ ಒತ್ತಿ ತಾವು ಮೇಲೆ ಬರಲು ನೋಡುತ್ತಾರೆ. ಮೊದಲು ಜೋರಾಗಿ ಕೂಗಿ ಜನ ಕರೆಯಬೇಕು. ನಂತರ ದಂಡೆಯ ಮೇಲೆ ಮಲಗಿ ಕೋಲು, ಪೈಪು, ಓಢಣಿ, ಸೀರೆ, ಏನಾದರೂ ಚಾಚಬೇಕು. ಮುಟ್ಟದಷ್ಟು ದೂರವಿದ್ದರೆ ತೇಲುವ ವಸ್ತು ಎಸೆಯಬೇಕು. ಹನ್ನೆರಡು ಮೀಟರ್ ಈಜಿದ ನಾನೂ ಇಷ್ಟೇ ಮಾಡಬೇಕು ಎಂದು ಮೇಡಂ ಕೊನೆಯ ದಿನ ಎರಡು ಸಲ ಹೇಳಿ ಕಳಿಸಿದರು.

ಮೂರನೆಯದು, ಮೇಲೆ ತಂದ ನಂತರ. ನಮ್ಮ ಕಡೆ ಮುಳುಗಿದವರನ್ನು ತಲೆಕೆಳಗೆ ಹಿಡಿಯುವುದು, ಹೊಟ್ಟೆ ಒತ್ತಿ ನೀರು ತೆಗೆಯುವುದು, ಕುಂಬಾರನ ತಿಗರಿಯ ಮೇಲೆ ತಿರುಗಿಸುವುದು ಎಂಬ ನಂಬಿಕೆಗಳಿವೆ. ಇವುಗಳಿಂದ ಅಮೂಲ್ಯ ಸಮಯ ಹಾಳಾಗುತ್ತದೆ, ಹೊಟ್ಟೆಯಲ್ಲಿದ್ದದ್ದು ಶ್ವಾಸಕೋಶಕ್ಕೆ ಹೋಗುವ ಅಪಾಯವೂ ಇದೆ. ಆ ವ್ಯಕ್ತಿಗೆ ಬೇಕಾದದ್ದು ಗಾಳಿ. ಉಸಿರಿಲ್ಲದಿದ್ದರೆ 108ಕ್ಕೆ ಫೋನ್ ಮಾಡಿಸಿ, ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ, ಬಾಯಿಗೆ ಬಾಯಿಟ್ಟು ಉಸಿರು ಕೊಡುವುದು, ಎದೆಯ ಮಧ್ಯದಲ್ಲಿ ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ ಒತ್ತುವುದು, ಪ್ರತಿ 30 ಒತ್ತುಗಳಿಗೆ ಎರಡು ಉಸಿರು. ಇದನ್ನು ಓದಿ ಕಲಿಯಲಾಗದು, ತಿಳಿದವರು ಬೊಂಬೆಯ ಮೇಲೆ ಕಲಿಸಬೇಕು.

ಹೆಣ್ಣುಮಕ್ಕಳು ಕಲಿಯಬಹುದೇ?

ಇದನ್ನು ನನ್ನ ಗೆಳತಿಯರೇ ಕೇಳಿದರು. ಹಜ್ರತ್ ಉಮರ್ ಅವರು ಮಕ್ಕಳಿಗೆ ಈಜು, ಬಿಲ್ಲುವಿದ್ಯೆ, ಕುದುರೆ ಸವಾರಿ ಕಲಿಸುವಂತೆ ಹೇಳಿದ್ದರೆಂದು ನಾವು ಚಿಕ್ಕಂದಿನಿಂದ ಹಿರಿಯರ ಬಾಯಲ್ಲಿ ಕೇಳಿದ್ದೇವೆ. ಮಕ್ಕಳೆಂದರೆ ನಾವೂ ಮಕ್ಕಳೇ ಅಲ್ಲವೇ? ಬಟ್ಟೆಯ ಚಿಂತೆಯೂ ಬೇಡ. ನಾನು ಪೂರ್ತಿ ತೋಳಿನ, ಪಾದದವರೆಗಿನ ನೈಲಾನ್ ಉಡುಪು, ತಲೆಗೆ ಟೋಪಿ ಹಾಕಿಕೊಂಡೇ ಕಲಿತೆ. ಹತ್ತಿ ಬಟ್ಟೆ ಮಾತ್ರ ಕೊಳದಲ್ಲಿ ಸಲ್ಲದು, ಅದು ನೀರೊಳಗೆ ಕೈಕಾಲಿಗೆ ಸುತ್ತಿಕೊಳ್ಳುತ್ತದೆ, ಮೇಲೆ ಏಳುವಾಗ ಭಾರವಾಗುತ್ತದೆ.

ಒಮ್ಮೆ ಮುಳುಗಿದ ಭಯ ಜೀವನಪೂರ್ತಿ ಇರುತ್ತದೆ ಎನ್ನುವವರಿಗೆ ಬೆಂಗಳೂರಿನ ನಿಶಾ ಮಿಲ್ಲೆಟ್ ಅವರ ಉದಾಹರಣೆ ಇದೆ. ಐದನೇ ವಯಸ್ಸಿನಲ್ಲಿ ಮುಳುಗುವುದರಿಂದ ಸ್ವಲ್ಪದರಲ್ಲಿ ಪಾರಾದ ಅವರು, ಭಯ ಹೋಗಲೆಂದು ತಂದೆಯ ಒತ್ತಾಯದಿಂದ ಈಜು ಕಲಿತರು. 2000ರಲ್ಲಿ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಭಾರತದ ಪರ ಈಜಿದರು.

ಕೊಳವಿಲ್ಲದ ಹಳ್ಳಿಯಲ್ಲಿ ಏನು ಮಾಡುವುದು? ಬಾಂಗ್ಲಾದೇಶದ ಹಳ್ಳಿಗಳಲ್ಲಿ ‘ಸ್ವಿಮ್‌ಸೇಫ್’ ಎಂಬ ಕಾರ್ಯಕ್ರಮವಿದೆ. ಅಲ್ಲಿ ಊರ ಕೆರೆಯೊಳಗೇ ಬಿದಿರಿನಿಂದ ತಳ ಮತ್ತು ಬೇಲಿ ಕಟ್ಟಿ, ತರಬೇತಿ ಪಡೆದ ಊರಿನವರೇ ಮಕ್ಕಳಿಗೆ ಕಲಿಸುತ್ತಾರೆ. 25 ಮೀಟರ್ ಈಜುವುದು, 30 ಸೆಕೆಂಡು ತೇಲುವುದು, ದಂಡೆಯಿಂದಲೇ ಇನ್ನೊಬ್ಬರನ್ನು ಕಾಪಾಡುವುದು. ಇಷ್ಟು ಬಂದರೆ ಪಾಸು. ಪದಕವಿಲ್ಲ, ಸ್ಪರ್ಧೆಯಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 2021ರಲ್ಲಿ ಜಗತ್ತಿನಲ್ಲಿ ಸುಮಾರು 3 ಲಕ್ಷ ಜನ ಮುಳುಗಿ ಸತ್ತರು. ಅದೇ ವರ್ಷ ವಿಶ್ವಸಂಸ್ಥೆ ಜುಲೈ 25ನ್ನು ಮುಳುಗುವಿಕೆ ತಡೆಯುವ ದಿನವೆಂದು ಘೋಷಿಸಿತು. ಶಾಲಾ ಮಕ್ಕಳಿಗೆ ಈಜು ಮತ್ತು ನೀರಿನ ಸುರಕ್ಷತೆ ಕಲಿಸಬೇಕೆಂಬುದು ಆ ಆರೋಗ್ಯ ಸಂಸ್ಥೆಯ ಸಲಹೆಗಳಲ್ಲಿ ಒಂದು. ನಮ್ಮ ಕಾಲೇಜಿಗೆ ಕೊಳ ಬೇಕೆಂದು ನಾನು ಕೇಳುತ್ತಿಲ್ಲ. ಆ ದಿನ ಒಂದು ಗಂಟೆ, ಉಸಿರು ಕೊಡುವ ವಿಧಾನವನ್ನು ಗೊತ್ತಿದ್ದವರಿಂದ ನಮಗೆಲ್ಲ ತೋರಿಸಬೇಕೆಂದು ಉಪನ್ಯಾಸಕರಲ್ಲಿ ವಿನಂತಿ. ಕನ್ನಡಿಯ ಮುಂದೆ ನಿಂತು "ಹೂಂ" ಎಂದು ಗುನುಗುವ ಅಭ್ಯಾಸವನ್ನಂತೂ ಇವತ್ತೇ ಶುರು ಮಾಡಬಹುದು.

ಕೊನೆಯದಾಗಿ ಮತ್ತೆ ಲೆಕ್ಕ. ಮುಚ್ಚಳ ಬಿಗಿದ 10 ಲೀಟರಿನ ಖಾಲಿ ಕ್ಯಾನು ನೀರಿನಲ್ಲಿ ಹತ್ತಿರ ಹತ್ತಿರ 10 ಕಿಲೋ ಎತ್ತುತ್ತದೆ. ತಲೆ ಹೊರಗಿಡಲು ನಮಗೆ ಕೊರತೆ ಬೀಳುವುದು ಮೂರು ನಾಲ್ಕು ಕಿಲೋ ಮಾತ್ರ. ಅಂದರೆ ಒಂದು ಖಾಲಿ ಎಣ್ಣೆ ಕ್ಯಾನು, ಹದಿನೈದು ಮೀಟರ್ ಹಗ್ಗ ಇದ್ದರೆ ಒಬ್ಬರ ಜೀವ ಉಳಿಯುತ್ತದೆ. ಹುಬ್ಬಳ್ಳಿಯಿಂದ ಬಂದ ವಾರ ನಾನು ಈ ಲೆಕ್ಕವನ್ನು ಚಾಚಾ ಅವರಿಗೆ ತೋರಿಸಿದೆ. ಅವರು ಏನೂ ಮಾತಾಡಲಿಲ್ಲ. ಮರುದಿನ ಹೊಲಕ್ಕೆ ಹೋದಾಗ ಹೊಂಡದ ಹತ್ತಿರ ಒಂದು ಗೂಟ ಹುಗಿದು, ಅದಕ್ಕೆ ಹಗ್ಗ ಕಟ್ಟಿದ ಹಳದಿ ಕ್ಯಾನು ತೂಗುಹಾಕಿದ್ದರು. ದಂಡೆಯಿಂದ ಹೊಂಡದೊಳಗೆ ಗಂಟು ಗಂಟು ಹಾಕಿದ ಇನ್ನೊಂದು ಹಗ್ಗವನ್ನೂ ಇಳಿಬಿಟ್ಟಿದ್ದರು. ಅದನ್ನು ನಾನು ಹೇಳಿರಲಿಲ್ಲ. ಜಾರಿದವರು ಹತ್ತಿ ಬರಲಿ ಎಂದು ಅವರೇ ಯೋಚಿಸಿದ್ದು.

ನಿಮ್ಮ ಹೊಲದಲ್ಲಿ, ಪಕ್ಕದ ಹೊಲದಲ್ಲಿ ಹೊಂಡವಿದ್ದರೆ ಈ ಭಾನುವಾರ ಒಂದು ಕ್ಯಾನು, ಎರಡು ಹಗ್ಗ ಕಟ್ಟಿ ಬನ್ನಿ. ಈಜನ್ನು ನಿಧಾನವಾಗಿ ಕಲಿಯೋಣ.